ಡರ್ಮಟೊಮೈಯೊಸೈಟಿಸ್: ತಿಂಗಳುಗಟ್ಟಲೆ ಕಳೆದುಕೊಳ್ಳದಿರಲು ಎಂಟು ಸೂತ್ರಗಳು

ಬೆಳಗಾವಿ ಜಿಲ್ಲೆಯ ಘಟಪ್ರಭಾ ಸುತ್ತಿನ ಊರುಗಳಲ್ಲಿ ಕೈಕಾಲಿನ ಕಸುವು ಕುಂದಿತೆಂದರೆ ಕಾರಣಕ್ಕೇನೂ ಬರವಿಲ್ಲ. ಕಬ್ಬು ಕಡಿದ ದಣಿವು, ರಕ್ತ ಕಡಿಮೆ, ವಾತ. ಮುಖ ಕಪ್ಪಾದರೆ ಬಂಗು, ಇಲ್ಲವೇ ಬಿಸಿಲು. ಎರಡೂ ಒಬ್ಬರಿಗೇ ಒಟ್ಟಿಗೆ ಬಂದಾಗಲೂ ಚರ್ಮಕ್ಕೊಂದು ಮುಲಾಮು, ಸುಸ್ತಿಗೊಂದು ಟಾನಿಕ್ ನಡೆದಿರುತ್ತದೆ. ಡರ್ಮಟೊಮೈಯೊಸೈಟಿಸ್ ಎಂಬ ಬಾಯಿ ಹೊರಳದ ಹೆಸರಿನ ಕಾಯಿಲೆ ತಪ್ಪಿಸಿಕೊಳ್ಳುವುದು ಇಲ್ಲೇ. ಮೈ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ತನ್ನ ಚರ್ಮ, ಸ್ನಾಯುಗಳ ಮೇಲೆ ತಿರುಗಿಬೀಳುವುದು ಇದರ ಮೂಲ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಹೊಸದಾಗಿ ಬೆರಳೆಣಿಕೆಯ ಮಂದಿಗೆ ಬರುತ್ತದೆ, ಹೆಂಗಸರಲ್ಲಿ ಹೆಚ್ಚು. ಬೇಗ ಹಿಡಿದರೆ ಹತೋಟಿಗೆ ಬರುತ್ತದೆ.

1. ರೆಪ್ಪೆ ನೋಡಿ, ಬೆರಳ ಗೆಣ್ಣು ನೋಡಿ.
ಮೇಲಿನ ರೆಪ್ಪೆಗಳಿಗೆ ನೇರಳೆ ಹಣ್ಣಿನ ಬಣ್ಣ ಬಂದಿದೆಯೇ, ಕೆಲವೊಮ್ಮೆ ಊದಿದೆಯೇ? ಬೆರಳ ಗೆಣ್ಣುಗಳ ಮೇಲೆ ಸಣ್ಣ ಚಪ್ಪಟೆ ಗುಳ್ಳೆಗಳಿವೆಯೇ? ಈ ಗುಳ್ಳೆಗಳಿಗೆ ಜರ್ಮನಿಯ ಚರ್ಮವೈದ್ಯ ಗಾಟ್ರನ್ ಹೆಸರಿದೆ. ಕುತ್ತಿಗೆ ಕೆಳಗೆ ಎದೆಯ ಮೇಲೆ, ಶಾಲು ಹೊದೆಯುವ ಹೆಗಲು-ಬೆನ್ನಿನ ಮೇಲೆ ಕಲೆ, ಉಗುರಿನ ಬುಡದಲ್ಲಿ ಕೆಂಪು ಗೆರೆ, ನೆತ್ತಿಯಲ್ಲಿ ಬಿಡದ ತುರಿಕೆ. ಪುಸ್ತಕದ ಚಿತ್ರಗಳಲ್ಲಿ ಇವೆಲ್ಲ ಕೆಂಪಗೆ ಕಾಣುತ್ತವೆ, ನಮ್ಮ ಮೈಬಣ್ಣದ ಮೇಲೆ ಕಪ್ಪಗೆ, ನೇರಳೆಯಾಗಿ. ಬಂಗು ಎಂದು ಮೋಸಹೋಗುವುದು ಅದಕ್ಕೇ. ಔಷಧ ಅಂಗಡಿಯಿಂದ ಟ್ಯೂಬ್ ತಂದು ಹಚ್ಚುವ ಮೊದಲು ಹಗಲು ಬೆಳಕಿನಲ್ಲಿ ಫೋಟೊ ತೆಗೆದಿಡಿ.

2. ದಣಿವು ಬೇರೆ, ಕಸುವಿಲ್ಲದಿರುವುದು ಬೇರೆ.
ಎಂಟರಲ್ಲಿ ಇದೊಂದನ್ನೇ ನೆನಪಿಟ್ಟರೂ ಸಾಕು ಎನ್ನುವೆ. ದಣಿದವರು ಒಂದು ರಾತ್ರಿ ಮಲಗಿದರೆ ಚೇತರಿಸಿಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. "ನೆಲಕ್ಕ ಕುಂತ್ರ ಏಳಾಕ ಆಗವಲ್ದು ಅತ್ತಿ" ಎನ್ನುತ್ತಾಳೆ ಸೊಸೆ. ಏಳುವಾಗ ಗೋಡೆ ಹಿಡಿಯುತ್ತಾಳೆ, ತೊಡೆಗೆ ಕೈ ಊರುತ್ತಾಳೆ. ತಲೆ ಬಾಚುವಾಗ ತೋಳು ಅರ್ಧಕ್ಕೇ ಇಳಿಯುತ್ತದೆ, ಬಸ್ಸಿನ ಮೊದಲ ಮೆಟ್ಟಿಲೇ ಗುಡ್ಡವಾಗುತ್ತದೆ. ಆದರೆ ಕೂತಲ್ಲಿ ಹೂ ಕಟ್ಟುತ್ತಾಳೆ, ಸೂಜಿಗೆ ದಾರ ಪೋಣಿಸುತ್ತಾಳೆ. ಆದ್ದರಿಂದ ಮನೆಯವರ ಕಣ್ಣಿಗೆ ಅದು ಆಲಸ್ಯ. ಈ ಕಾಯಿಲೆ ಮೊದಲು ಹಿಡಿಯುವುದು ಹೆಗಲು, ಸೊಂಟ, ತೊಡೆಯ ದೊಡ್ಡ ಸ್ನಾಯುಗಳನ್ನು. ಬೆರಳುಗಳ ಸರದಿ ಬಂದರೂ ತಡವಾಗಿ. ವಾರಕ್ಕೊಮ್ಮೆ ನೆಲದಿಂದ ಕೈ ಊರದೆ ಏಳಲು ಹೇಳಿ. ಆಗದಿದ್ದರೆ ಒಂದು ಹಾಳೆಯಲ್ಲಿ ತಾರೀಖು ಹಾಕಿ ಬರೆದಿಡಿ.

3. ಸಿ.ಕೆ. ಪರೀಕ್ಷೆ ಕೇಳಿ.
ಕ್ರಿಯಾಟಿನ್ ಕೈನೇಸ್ ಎಂಬುದು ಸ್ನಾಯುವಿನೊಳಗಿನ ಕಿಣ್ವ. ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಇನ್ನೊಂದು ತಮಾಷೆಯಿದೆ. 'ಲಿವರ್ ಟೆಸ್ಟ್' ಎಂದು ಬರೆಸುವ ಎಎಸ್‌ಟಿ, ಎಎಲ್‌ಟಿ ಸ್ನಾಯುವಿನಲ್ಲೂ ಇರುವುದರಿಂದ ಇಲ್ಲಿ ಅವೂ ಏರುತ್ತವೆ. ಚೀಟಿ ನೋಡಿದವರು ಕಾಮಣಿ ಎಂದು ಸೊಪ್ಪಿನ ಔಷಧಕ್ಕೆ ಕರೆದೊಯ್ಯುತ್ತಾರೆ. ಕಣ್ಣು ಹಳದಿಯಾಗಿಲ್ಲ, ತೊಡೆಯಲ್ಲಿ ಬಲವಿಲ್ಲ ಎಂದರೆ ಸಂಶಯ ಸ್ನಾಯುವಿನತ್ತ ತಿರುಗಬೇಕು. ಹಾಗೆಂದು ಸಿ.ಕೆ. ಸರಿಯಿದ್ದರೂ ಕಾಯಿಲೆ ಇಲ್ಲವೆನ್ನಲಾಗದು. ಮುಂದೆ ಆಂಟಿಬಾಡಿ ಪರೀಕ್ಷೆ, ತೊಡೆಯ ಎಂಆರ್‌ಐ, ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿ, ಬೇಕಾದರೆ ಚರ್ಮದ ಅಥವಾ ಸ್ನಾಯುವಿನ ಚೂರು ತೆಗೆದು ನೋಡುವುದು.

4. ಸರಿಯಾದ ಬಾಗಿಲು ತಟ್ಟಿ.
ಆರೋಗ್ಯಧಾಮ, ಜೆ.ಜಿ. ಸಹಕಾರಿ ಆಸ್ಪತ್ರೆಗಳಿರುವ ಘಟಪ್ರಭಾದಲ್ಲಿ ಮೊದಲ ತಪಾಸಣೆಗೆ ದೂರ ಹೋಗಬೇಕಿಲ್ಲ. ಆದರೆ ಇದನ್ನು ನಡೆಸಿಕೊಂಡು ಹೋಗಬೇಕಾದವರು ಇಂಥ ಕಾಯಿಲೆಗಳ ತಜ್ಞರಾದ ರುಮಟಾಲಜಿಸ್ಟ್, ಜತೆಗೆ ಚರ್ಮದ ವೈದ್ಯರು. ಅದಕ್ಕೆ ಒಂದು ದಿಕ್ಕಿಗೆ ಬೆಳಗಾವಿ, ಇನ್ನೊಂದು ದಿಕ್ಕಿಗೆ ಮಿರಜ. ರೈಲು ಎರಡೂ ಕಡೆಗಿದೆ. ಬಿಪಿಎಲ್ ಕಾರ್ಡಿನವರು ಹೊರಡುವ ಮುನ್ನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ರೆಫರಲ್ ಚೀಟಿಯ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

5. ಸ್ಟಿರಾಯ್ಡ್‌ಗೆ ಹೆದರಬೇಡಿ, ಹೇಳದೆ ಬಿಡಬೇಡಿ.
ಪ್ರೆಡ್ನಿಸೊಲೋನ್ ಮೊದಲ ಆಯುಧ. ಮುಖ ಊದುತ್ತದೆ, ಸಕ್ಕರೆ ಏರಬಹುದು, ಎಲುಬು ಸವೆಯಬಹುದು, ಎಲ್ಲ ನಿಜ. ಆದರೆ ತಿಂಗಳುಗಟ್ಟಲೆ ನುಂಗಿದ್ದನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ತಾನೇ ಮಾಡಿಕೊಳ್ಳುವ ಸ್ಟಿರಾಯ್ಡ್ ಸಾಲದೆ ಪ್ರಾಣಕ್ಕೇ ಸಂಚಕಾರ. ವೈದ್ಯರು ಇಳಿಸಿದಂತೆ ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಯಬೇಕು.
ಜತೆಗೆ ಬಹಳ ಮಂದಿಗೆ ಮೆಥೊಟ್ರೆಕ್ಸೇಟ್ ಕೊಡುತ್ತಾರೆ. ಅದು ವಾರಕ್ಕೆ ಒಂದೇ ದಿನ! ದಿನವೂ ನುಂಗಿದರೆ ವಿಷ. ನಿಮ್ಮೂರ ಸಂತೆಯ ದಿನವನ್ನೇ ಗುಳಿಗೆಯ ದಿನ ಮಾಡಿಕೊಳ್ಳಿ, ಯಾರೂ ಮರೆಯುವುದಿಲ್ಲ. ಬಸಿರಾಗುವ ಯೋಚನೆಯಿದ್ದರೆ ಮೊದಲೇ ಹೇಳಿ. ಆ ಗುಳಿಗೆ ಹೊಟ್ಟೆಯ ಕೂಸಿಗೆ ಆಗದು.

6. ಬಿಸಿಲೂ ಶತ್ರು.
ಹಿಡಕಲ್ ಅಣೆಕಟ್ಟಿನ ನೀರುಣ್ಣುವ ಹೊಲಗಳಲ್ಲಿ ದುಡಿಯುವವರಿಗೆ ಈ ಮಾತು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಹತ್ತರೊಳಗೆ, ನಾಲ್ಕರ ನಂತರ ಹೊಲದ ಕೆಲಸ. ತುಂಬುತೋಳಿನ ಅಂಗಿ, ತಲೆಗೆ ಸೆರಗು ಅಥವಾ ಟವೆಲ್. ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್.

7. ನುಂಗಲು ಕಷ್ಟ, ಒಣಕೆಮ್ಮು, ಏದುಸಿರು: ಅಂದೇ ಆಸ್ಪತ್ರೆ.
ಗಂಟಲಿನ ಸ್ನಾಯು ಸೋತರೆ ಗುಟುಕು ನೀರು ಮೂಗಿಗೆ, ಶ್ವಾಸಕೋಶಕ್ಕೆ ಹೋಗುತ್ತದೆ. ಎಂಡಿಎ-5 ಎಂಬ ಆಂಟಿಬಾಡಿ ಇರುವವರಲ್ಲಿ ತೋಳು-ತೊಡೆ ಗಟ್ಟಿಯಿದ್ದರೂ ಶ್ವಾಸಕೋಶ ವಾರಗಳಲ್ಲೇ ಕೆಡಬಹುದು. 'ದಂಗಲ್' ಚಿತ್ರದಲ್ಲಿ ಕಿರಿಯ ಬಬಿತಾ ಆಗಿದ್ದ ಸುಹಾನಿ ಭಟ್ನಾಗರ್ 2024ರ ಫೆಬ್ರುವರಿಯಲ್ಲಿ ದೆಹಲಿಯ ಏಮ್ಸ್‌ನಲ್ಲಿ ತೀರಿಕೊಂಡದ್ದು ಡರ್ಮಟೊಮೈಯೊಸೈಟಿಸ್‌ನಿಂದಲೇ. ವಯಸ್ಸು 19.
ನಲವತ್ತು ದಾಟಿದವರು ಇನ್ನೊಂದು ಪ್ರಶ್ನೆಯನ್ನು ತಾವಾಗಿಯೇ ಕೇಳಬೇಕು: "ಡಾಕ್ಟ್ರೇ, ಕ್ಯಾನ್ಸರ್ ತಪಾಸಣೆ ಬೇಕೇ?" ವಯಸ್ಕರಲ್ಲಿ ಕೆಲವರಿಗೆ ಇದರ ಬೆನ್ನಿಗೇ ಕ್ಯಾನ್ಸರ್ ಅಡಗಿರುತ್ತದೆ, ಮೊದಲ ಮೂರು ವರ್ಷ ಕಣ್ಣಿಡಬೇಕು. ಮಕ್ಕಳಲ್ಲಿ ಈ ಭಯವಿಲ್ಲವೆಂದೇ ಹೇಳಬಹುದು. ಅವರಿಗೆ ಚರ್ಮದಡಿ ಸುಣ್ಣದಂಥ ಗಂಟು ಕಟ್ಟುವ ತೊಂದರೆ ಹೆಚ್ಚು.

8. ಹಾಸಿಗೆ ಬಿಡಿ, ತಟ್ಟೆ ಬೇರೆ ಮಾಡಬೇಡಿ.
ಇದು ಅಂಟುವ ಕಾಯಿಲೆಯಲ್ಲ. ಒಂದೇ ಬುಟ್ಟಿಯ ರೊಟ್ಟಿ ತಿನ್ನಬಹುದು, ಕೂಸನ್ನು ಎತ್ತಿಕೊಳ್ಳಬಹುದು. ಹಿಂದೆ ಪೂರ್ಣ ವಿಶ್ರಾಂತಿ ಎನ್ನುತ್ತಿದ್ದರು. 1990ರ ದಶಕದಿಂದ ಬಂದ ಅಧ್ಯಯನಗಳು ಅದನ್ನು ತಿರುಗಿಸಿದವು: ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ ಸ್ನಾಯುವನ್ನು ಕೆಡಿಸುವುದಿಲ್ಲ, ಕಟ್ಟುತ್ತದೆ. ಮೊದಲು ಮಂಚದ ಅಂಚಿನಿಂದ ಏಳುವುದು, ಆಮೇಲೆ ಮಣೆಯಿಂದ, ಆಮೇಲೆ ನೆಲದಿಂದ. ಕೈ ಊರದೆ ಎದ್ದ ದಿನದ ತಾರೀಖನ್ನೂ ಅದೇ ಹಾಳೆಯಲ್ಲಿ ಬರೆದು, ಮುಂದಿನ ಭೇಟಿಗೆ ಜತೆಗೆ ಒಯ್ಯಿರಿ.