ಅಂತರ್ಜಾಲದ ಹಳೆಯ ವಿಳಾಸ, ಹೊಸ ವಿಳಾಸ

ವಿಳಾಸವಿಲ್ಲದ ಕಾಗದ ಊರು ಮುಟ್ಟುವುದಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಅಂತರ್ಜಾಲದಲ್ಲಿಯೂ ಇದೇ ನಿಯಮ. ನಾವು ಕಳುಹಿಸುವ ಪತ್ರವಾಗಲಿ, ನೋಡುವ ಚಿತ್ರವಾಗಲಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೊರಡುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೆಯೂ ಕಳುಹಿಸಿದ ಯಂತ್ರದ ಮತ್ತು ಸೇರಬೇಕಾದ ಯಂತ್ರದ ವಿಳಾಸಗಳಿರಬೇಕು. ಈ ಕ್ರಮಕ್ಕೆ ಇಂಟರ್‌ನೆಟ್ ಪ್ರೋಟೋಕಾಲ್, ಚಿಕ್ಕದಾಗಿ ಐಪಿ, ಎಂದು ಹೆಸರು. ಇಂದು ಇಂತಹ ಕ್ರಮಗಳೆರಡು ಏಕಕಾಲದಲ್ಲಿ ನಡೆಯುತ್ತಿವೆ: ಹಳೆಯದಾದ ನಾಲ್ಕನೆಯ ಆವೃತ್ತಿ ಮತ್ತು ಹೊಸದಾದ ಆರನೆಯ ಆವೃತ್ತಿ. ಐದೆಂಬ ಸಂಖ್ಯೆಯನ್ನು ಬೇರೊಂದು ಪ್ರಯೋಗಕ್ಕೆ ಮೊದಲೇ ಕೊಟ್ಟಿದ್ದುದರಿಂದ ಅದನ್ನು ಬಿಟ್ಟರು. ಒಂದರಿಂದ ಇನ್ನೊಂದಕ್ಕೆ ದಾಟುವ ಕೆಲಸ ಇನ್ನೂ ಮುಗಿದಿಲ್ಲ. ಏಕೆ ಮುಗಿದಿಲ್ಲ, ಮುಗಿಯದಿದ್ದರೆ ನಷ್ಟ ಯಾರಿಗೆ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಇದು ವಿಜ್ಞಾನ ವಿಭಾಗದವರ ವಿಷಯ, ಬಿ.ಎ. ತರಗತಿಯವನಿಗೇಕೆ ಎಂದು ಕೆಲವರು ಕೇಳಬಹುದು. ಹಂಚಿಕೆಯ ಪ್ರಶ್ನೆ ಎಲ್ಲಿದೆಯೋ ಅಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗೂ ಕೆಲಸವಿದೆಯೆಂಬುದು ನನ್ನ ಉತ್ತರ.

ನಾಲ್ಕನೆಯ ಆವೃತ್ತಿಯ ನಿಯಮಗಳು ೧೯೮೧ರ ಸೆಪ್ಟೆಂಬರಿನಲ್ಲಿ ಪ್ರಕಟವಾದುವು. ಅಮೆರಿಕದ ಅರ್ಪಾನೆಟ್ ಎಂಬ ಜಾಲದಲ್ಲಿ ಅದುವರೆಗೆ ಬೇರೊಂದು ಕ್ರಮವಿತ್ತು. ೧೯೮೩ರ ಜನವರಿ ೧ರಂದು ಅದನ್ನು ನಿಲ್ಲಿಸಿ ಹೊಸ ಕ್ರಮಕ್ಕೆ ಬರಬೇಕೆಂದು ಗೊತ್ತುಮಾಡಿದರು. ಸ್ವಲ್ಪ ಪಾಡು ಪಟ್ಟರೂ ಎಲ್ಲರೂ ಬಂದರು. ಆಗ ಇದ್ದ ಯಂತ್ರಗಳು ಕೆಲವು ನೂರು ಮಾತ್ರ. ಅಪ್ಪಣೆ ಕೊಡುವವರೂ ಒಬ್ಬರು ಇದ್ದರು. ಈಗಿನ ಜಾಲದಲ್ಲಿ ನೂರಾರು ಕೋಟಿ ಯಂತ್ರಗಳಿವೆ, ಯಜಮಾನನಿಲ್ಲ. ಆದುದರಿಂದ ಒಂದು ದಿನವನ್ನು ಗೊತ್ತುಮಾಡಿ ಬದಲಾಯಿಸುವ ಮಾತು ಈಗ ಸಾಧ್ಯವಲ್ಲ.

ಹಳೆಯ ವಿಳಾಸವೆಂದರೆ ೧೯೨.೧೬೮.೧.೧ ಎಂಬಂತೆ ಚುಕ್ಕೆಗಳಿಂದ ಬೇರೆಯಾದ ನಾಲ್ಕು ಸಂಖ್ಯೆಗಳು. ಒಟ್ಟು ೩೨ ಬಿಟ್‌ಗಳು. ಅವುಗಳಿಂದ ಆಗುವ ವಿಳಾಸಗಳು ಸುಮಾರು ೪೨೯ ಕೋಟಿ. ೧೯೮೧ರಲ್ಲಿ ಇದು ಎಂದೂ ಮುಗಿಯದ ನಿಧಿಯಂತೆ ಕಂಡಿತು. ಮೊದಲು ಬಂದವರಿಗೆ ಧಾರಾಳವಾಗಿ ಹಂಚಿದರು. ಅಮೆರಿಕದ ಎಂ.ಐ.ಟಿ. ಎಂಬ ಒಂದೇ ವಿದ್ಯಾಸಂಸ್ಥೆಗೆ ಒಂದು ಕೋಟಿ ೬೭ ಲಕ್ಷಕ್ಕೂ ಹೆಚ್ಚು ವಿಳಾಸಗಳು ದೊರೆತಿದ್ದುವು. ಅವುಗಳಲ್ಲಿ ಬಹುಭಾಗ ಬಳಕೆಯಾಗದೆ ಉಳಿದು, ೨೦೧೭ರಲ್ಲಿ ಸಂಸ್ಥೆ ಅದರ ಒಂದು ಪಾಲನ್ನು ಮಾರಾಟಕ್ಕೆ ಇಟ್ಟಿತು. ಇತ್ತ ೨೦೧೧ರ ಫೆಬ್ರವರಿ ೩ರಂದು ಜಾಗತಿಕ ಭಂಡಾರದ ಕೊನೆಯ ಐದು ದೊಡ್ಡ ಭಾಗಗಳನ್ನು ಐದು ಪ್ರದೇಶಗಳಿಗೆ ಹಂಚಿ ಮುಗಿಸಿದರು. ಏಷ್ಯಾದ ನೋಂದಣಿ ಸಂಸ್ಥೆ ಅದೇ ವರ್ಷದ ಏಪ್ರಿಲ್ ೧೫ಕ್ಕೆ ತನ್ನ ಕೊನೆಯ ಭಾಗಕ್ಕೆ ಬಂದು ಪಡಿತರದಂತೆ ಅಳೆದು ಕೊಡತೊಡಗಿತು. ನಮ್ಮ ದೇಶದ ಬಹುಜನರು ಅಂತರ್ಜಾಲಕ್ಕೆ ಬಂದುದು ಇದಾದ ಮೇಲೆ.

ಹಾಗಾದರೆ ನಮಗೆಲ್ಲ ಹೇಗೆ ನಡೆಯುತ್ತಿದೆ? ನಮ್ಮ ಕಡೆ ಹಿಂದೆ ಮನೆಗೆ ನಂಬರಿಲ್ಲದವರು ಕಾಗದಕ್ಕೆ ಅಂಗಡಿಯ ಶೆಟ್ಟರ ‘ಕೇರಾಫ್’ ಹಾಕಿಸಿಕೊಳ್ಳುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಅಂತರ್ಜಾಲದಲ್ಲಿ ಇದೇ ಉಪಾಯವನ್ನು ೧೯೯೪ರಲ್ಲಿ ವಿವರಿಸಿದರು. ಅದಕ್ಕೆ ನ್ಯಾಟ್ ಎಂದು ಹೆಸರು. ಮನೆಯೊಳಗಿನ ಹತ್ತು ಯಂತ್ರಗಳಿಗೂ ಹೊರಗೆ ಒಂದೇ ವಿಳಾಸ. ಯಾವ ಉತ್ತರ ಯಾರಿಗೆಂಬುದನ್ನು ನಡುವಣ ಪೆಟ್ಟಿಗೆ ನೆನಪಿಟ್ಟುಕೊಂಡು ತಲುಪಿಸುತ್ತದೆ. ಮುಂದೆ ವಿಳಾಸಗಳು ಇನ್ನೂ ವಿರಳವಾದಾಗ ದೂರವಾಣಿ ಕಂಪನಿಗಳು ಒಂದು ವಿಳಾಸದ ಹಿಂದೆ ನೂರಾರು ಗ್ರಾಹಕರನ್ನು ಕೂರಿಸಿದುವು.

ಇದರಿಂದ ಉಪಕಾರವಾಗಿದೆ, ಅದನ್ನು ಅಲ್ಲಗಳೆಯಬಾರದು. ಆದರೆ ಕೇರಾಫ್ ವಿಳಾಸದವನು ಕಾಗದ ಬರೆದು ಉತ್ತರ ಪಡೆಯಬಹುದೇ ಹೊರತು, ಹೊರಗಿನವರು ತಾವಾಗಿ ಅವನ ಬಾಗಿಲಿಗೆ ಬರುವುದು ಕಷ್ಟ. ತನ್ನ ಮನೆಯ ಯಂತ್ರದಲ್ಲಿಯೇ ಒಂದು ಜಾಲತಾಣವನ್ನು ನಡೆಸಬೇಕೆಂದರೆ ಅವನಿಗೆ ಸುಲಭವಾಗಿ ಆಗದು. ಇನ್ನೊಂದು ತೊಡಕೂ ಉಂಟು. ಒಮ್ಮೆ ನಮ್ಮ ವಿದ್ಯಾರ್ಥಿನಿಲಯದ ಹಲವರು ಒಂದೇ ರಾತ್ರಿ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕುಳಿತಾಗ, ‘ನಿಮ್ಮ ವಿಳಾಸದಿಂದ ಅತಿಯಾಗಿ ಬೇಡಿಕೆಗಳು ಬರುತ್ತಿವೆ’ ಎಂದು ಜಾಲತಾಣವು ಎಲ್ಲರಿಗೂ ಬಾಗಿಲು ಹಾಕಿತು. ಬೇಡಿಕೆ ಒಬ್ಬೊಬ್ಬರದು ಒಂದೇ. ವಿಳಾಸ ಮಾತ್ರ ಎಲ್ಲರದೂ ಸೇರಿ ಒಂದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹಂಚಿಕೆ ಮುಗಿದ ಮೇಲೆ ಬಂದವರಿಗೆ ಉಳಿಯುವುದೇನೆಂಬುದು ನನ್ನಂತಹವರಿಗೆ ಪುಸ್ತಕದಿಂದ ತಿಳಿಯಬೇಕಾದ ವಿಷಯವಲ್ಲ.

ಈ ಕೊರತೆಯನ್ನು ಮುಂಚೆಯೇ ಕಂಡ ತಜ್ಞರು ಆರನೆಯ ಆವೃತ್ತಿಯನ್ನು ರೂಪಿಸಿ ೧೯೯೫ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ೧೯೯೮ರಲ್ಲಿ ಅದನ್ನು ತಿದ್ದಿದರು. ೨೦೧೭ರಲ್ಲಿ ಅದು ಪೂರ್ಣ ಪ್ರಮಾಣದ ಮಾನಕವಾಯಿತು. ಇದರಲ್ಲಿ ವಿಳಾಸ ೧೨೮ ಬಿಟ್‌ಗಳದು. ಒಟ್ಟು ವಿಳಾಸಗಳನ್ನು ಬರೆಯಲು ೩೯ ಅಂಕೆಗಳು ಬೇಕು. ಒಂದು ಮನೆಯ ಜಾಲಕ್ಕೆ ಸಾಮಾನ್ಯವಾಗಿ ಕೊಡುವ ಅತಿ ಚಿಕ್ಕ ಪಾಲಿನಲ್ಲಿಯೇ ಹಳೆಯ ಅಂತರ್ಜಾಲದ ಒಟ್ಟು ವಿಳಾಸಗಳ ೪೨೯ ಕೋಟಿ ಪಟ್ಟು ಅಡಗಿದೆ. ಆದರೆ ಹಳೆಯ ಪೊಟ್ಟಣದಲ್ಲಿ ವಿಳಾಸಕ್ಕೆ ಇಟ್ಟ ಜಾಗ ೩೨ ಬಿಟ್‌ಗಳಷ್ಟೆ. ಹೊಸ ವಿಳಾಸ ಅಲ್ಲಿ ಹಿಡಿಸದು. ಆದಕಾರಣ ಹಳೆಯದನ್ನು ಮಾತ್ರ ಬಲ್ಲ ಯಂತ್ರ ಹೊಸದನ್ನು ಓದಲಾರದು. ತೊಂದರೆಯ ಮೂಲ ಇದೇ.

ಈ ಕಂದಕವನ್ನು ದಾಟಲು ಮೂರು ಉಪಾಯಗಳಿವೆ.

ಮೊದಲನೆಯದು, ಒಂದೇ ಯಂತ್ರಕ್ಕೆ ಎರಡೂ ವಿಳಾಸಗಳನ್ನು ಕೊಡುವುದು. ೧೯೫೭ರ ಏಪ್ರಿಲ್ ೧ರಂದು ನಯಾಪೈಸೆ ಬಂದ ಮೇಲೆ ಕೆಲವು ಕಾಲ ಆಣೆಯೂ ನಯಾಪೈಸೆಯೂ ಒಂದೇ ಅಂಗಡಿಯಲ್ಲಿ ಚಲಾವಣೆಯಲ್ಲಿದ್ದುವಷ್ಟೆ, ಇದೂ ಹಾಗೆಯೇ. ಬ್ರೌಸರು ಮೊದಲು ಹೊಸ ದಾರಿಯನ್ನು ಹಿಡಿಯುತ್ತದೆ. ಕಾಲು ಸೆಕೆಂಡಿನಷ್ಟು ಹೊತ್ತಿನಲ್ಲಿ ಉತ್ತರ ಬಾರದಿದ್ದರೆ ಹಳೆಯ ದಾರಿಯನ್ನೂ ಪ್ರಯತ್ನಿಸುತ್ತದೆ. ಬಳಸುವವನಿಗೆ ಇದು ತಿಳಿಯುವುದೇ ಇಲ್ಲ. ಉಪಾಯ ಒಳ್ಳೆಯದು, ಆದರೆ ಪ್ರತಿಯೊಬ್ಬರಿಗೂ ಹಳೆಯ ವಿಳಾಸವೂ ಬೇಕಾಗುವುದರಿಂದ ಇದೊಂದರಿಂದಲೇ ಕೊರತೆ ನೀಗದು.

ಎರಡನೆಯದು ಸುರಂಗ. ಹೊಸ ಪೊಟ್ಟಣವನ್ನು ಹಳೆಯ ಪೊಟ್ಟಣದ ಒಳಗಿಟ್ಟು, ಲಕೋಟೆಯೊಳಗೊಂದು ಲಕೋಟೆಯಂತೆ ಹಳೆಯ ಜಾಲವನ್ನು ದಾಟಿಸುವುದು. ಆರಂಭದಲ್ಲಿ ಇದು ಬಹಳ ಬಳಕೆಯಲ್ಲಿತ್ತು. ನಡುವೆ ಲಕೋಟೆಯನ್ನು ಬಿಡಿಸುವವನು ಸರಿಯಿಲ್ಲದಿದ್ದರೆ ಒಳಗಿನದು ತಲುಪುವುದಿಲ್ಲ.

ಮೂರನೆಯದು ಭಾಷಾಂತರ. ಒಳಜಾಲದಲ್ಲಿ ಹೊಸ ವಿಳಾಸಗಳು ಮಾತ್ರ. ಹೊರಗಿನ ಹಳೆಯ ತಾಣವನ್ನು ಕೇಳಿದಾಗ ನಡುವಣ ಯಂತ್ರವು ಒಂದು ಕ್ರಮದಿಂದ ಇನ್ನೊಂದಕ್ಕೆ ಬದಲಾಯಿಸಿ ಕೊಡುತ್ತದೆ. ಇದರ ನಿಯಮಗಳು ೨೦೧೧ರಲ್ಲಿ ಬಂದುವು. ಒಂದು ಆಣೆಗೆ ಲೆಕ್ಕದಂತೆ ಆರೂಕಾಲು ನಯಾಪೈಸೆ ಆದರೂ ಕೈಗೆ ಬರುತ್ತಿದ್ದುದು ಆರು. ಹಾಗೆ ಈ ಭಾಷಾಂತರದಲ್ಲಿಯೂ ಕೆಲವು ಸೋರಿಹೋಗುತ್ತವೆ. ಹಳೆಯ ವಿಳಾಸವನ್ನೇ ಒಳಗೆ ಬರೆದಿಟ್ಟುಕೊಂಡ ತಂತ್ರಾಂಶಗಳು ಕೆಡುತ್ತವೆ. ಅವುಗಳಿಗಾಗಿ ಮೊಬೈಲಿನೊಳಗೇ ಒಬ್ಬ ಚಿಕ್ಕ ದುಭಾಷಿಯನ್ನು ಕೂರಿಸುವ ಕ್ರಮ ೨೦೧೩ರಲ್ಲಿ ಬಂದಿತು.

ಉಪಾಯಗಳಿದ್ದರೂ ಕೆಲಸ ಸಾವಕಾಶವಾಗಿರುವುದೇಕೆ? ಬದಲಾವಣೆಯ ಖರ್ಚು ಇಂದೇ ಆಗುತ್ತದೆ. ಲಾಭ ಎಲ್ಲರೂ ಬಂದ ಮೇಲೆ. ಹಳೆಯ ವಿಳಾಸಗಳನ್ನು ಧಾರಾಳವಾಗಿ ಉಳ್ಳವನಿಗೆ ಅವಸರವಿಲ್ಲ. ಅಷ್ಟೇ ಅಲ್ಲ, ವಿರಳವಾದ ವಸ್ತುವಿಗೆ ಗೇಣಿ ಹುಟ್ಟುತ್ತದೆಂಬ ಅರ್ಥಶಾಸ್ತ್ರದ ಪಾಠ ಇಲ್ಲಿಯೂ ನಿಜವಾಗಿದೆ. ಅಮೆಜಾನ್ ಕಂಪನಿಯು ತನ್ನ ಬಾಡಿಗೆ ಯಂತ್ರಗಳಿಗೆ ಕೊಡುವ ಪ್ರತಿಯೊಂದು ಹಳೆಯ ಸಾರ್ವಜನಿಕ ವಿಳಾಸಕ್ಕೂ ೨೦೨೪ರ ಫೆಬ್ರವರಿ ೧ರಿಂದ ಗಂಟೆಗೆ ಅರ್ಧ ಸೆಂಟಿನಂತೆ ಹಣ ಹಾಕಲು ಆರಂಭಿಸಿತು.

ನಮ್ಮ ದೇಶದ ಸಂಗತಿ ಮಾತ್ರ ಸಂತೋಷ ತರುವಂತಹದು. ೨೦೧೦ರಲ್ಲಿ ಭಾರತ ಸರ್ಕಾರದ ದೂರಸಂಪರ್ಕ ಇಲಾಖೆ ಈ ಬದಲಾವಣೆಗೆ ಒಂದು ಮಾರ್ಗಸೂಚಿಯನ್ನು ಪ್ರಕಟಿಸಿತು. ೨೦೧೬ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೋ ಜಾಲವು ಮೊದಲಿನಿಂದಲೂ ಹೊಸ ವಿಳಾಸಗಳನ್ನು ಕೊಟ್ಟಿತು. ಹಳೆಯ ವಿಳಾಸಗಳ ರಾಶಿ ಅದರ ಬಳಿ ಇರಲಿಲ್ಲ. ಗೂಗಲ್ ಕಂಪನಿಯ ಎಣಿಕೆಯಂತೆ ಜಗತ್ತಿನ ಬಳಕೆದಾರರಲ್ಲಿ ಸುಮಾರು ಅರ್ಧದಷ್ಟು ಮಂದಿ ಹೊಸ ಕ್ರಮದಲ್ಲಿ ಬರುತ್ತಿದ್ದರೆ, ಭಾರತದಲ್ಲಿ ನೂರಕ್ಕೆ ಅರವತ್ತಕ್ಕೂ ಮಿಕ್ಕಿ ಬರುತ್ತಿದ್ದಾರೆ. ತಡವಾಗಿ ಬಂದವನು ಹಳೆಯ ಪಂಕ್ತಿಯ ಕೊನೆಯಲ್ಲಿ ನಿಲ್ಲಲೇಬೇಕೆಂಬ ನಿಯಮವಿಲ್ಲ. ಹೊಸ ಪಂಕ್ತಿಯ ಮೊದಲಲ್ಲಿಯೂ ನಿಲ್ಲಬಹುದೆಂಬುದಕ್ಕೆ ಇದೇ ಸಾಕ್ಷಿ.

ಆದರೆ ದಾರಿ ಎರಡು ಕಡೆಯಿಂದಲೂ ತೆರೆಯಬೇಕು. ನಮ್ಮ ಮೊಬೈಲು ಹೊಸ ವಿಳಾಸದಿಂದ ಹೊರಟರೂ ಅತ್ತಣ ಜಾಲತಾಣ ಹಳೆಯದನ್ನೇ ಹಿಡಿದು ಕುಳಿತಿದ್ದರೆ ದುಭಾಷಿಯ ಹಂಗು ತಪ್ಪದು. ಆದುದರಿಂದ ಕಾಲೇಜು, ಕಚೇರಿ, ಗ್ರಂಥಾಲಯಗಳಲ್ಲಿ ಜಾಲದ ಉಪಕರಣಗಳನ್ನು ಕೊಳ್ಳುವವರು ಅವು ಆರನೆಯ ಆವೃತ್ತಿಯನ್ನು ಬಲ್ಲವೇ ಎಂದು ಕೇಳಿಯೇ ಕೊಳ್ಳಬೇಕು. ಮೊದಲು ಎರಡೂ ವಿಳಾಸಗಳನ್ನು ಕೊಟ್ಟು ಪರೀಕ್ಷಿಸಬೇಕು. ಹಳೆಯ ಬಾಗಿಲಿಗೆ ಇಟ್ಟ ಕಾವಲನ್ನು ಹೊಸ ಬಾಗಿಲಿಗೂ ಇಡಬೇಕು. ಇದನ್ನು ಮರೆತರೆ ಕಳ್ಳನಿಗೆ ದಾರಿಯಾದೀತು. ಎಲ್ಲವೂ ಸುಗಮವಾಗಿ ನಡೆದ ಮೇಲೆ ಹಳೆಯದನ್ನು ಬಿಡಬೇಕು, ಮೊದಲೇ ಬಿಡಬಾರದು.

ವಿದ್ಯಾರ್ಥಿಮಿತ್ರರು ತಮ್ಮ ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಐಪಿ ವಿಳಾಸವೆಂಬ ಸಾಲನ್ನು ತೆರೆದು ನೋಡಲಿ. ಅನೇಕರಿಗೆ ಎರಡು ವಿಳಾಸಗಳು ಕಂಡಾವು: ಚುಕ್ಕೆಗಳಿರುವ ಗಿಡ್ಡನೆಯದೊಂದು, ವಿವರಣ ಚಿಹ್ನೆಗಳಿರುವ ಉದ್ದನೆಯದೊಂದು. ಗಿಡ್ಡನೆಯದು ಬಹುಮಟ್ಟಿಗೆ ಹಲವರೊಡನೆ ಹಂಚಿಕೊಂಡ ಕೇರಾಫ್ ವಿಳಾಸದ ಗುರುತು. ಉದ್ದನೆಯದು ಇಡೀ ಜಗತ್ತಿನಲ್ಲಿ ಆ ಹೊತ್ತಿಗೆ ಅವರೊಬ್ಬರದೇ.