ನೆರೆಯವರ ನುಡಿ, ಮನೆಯ ನುಡಿ

ಮುಂಬಯಿಯಲ್ಲಿ ನಾನಾ ದೇಶದ ಜನರು ಬೆರೆತು ಒಂದಾಗಿದ್ದಾರೆಂದು ಹೇಳುವುದುಂಟು. ಈ ಮಾತು ಅರ್ಧ ಮಾತ್ರ ನಿಜ. ಇಲ್ಲಿ ಜನರು ಬೆರೆಯುವುದು ಕಚೇರಿ, ಕಾರಖಾನೆ, ಪೇಟೆ ಮತ್ತು ಲೋಕಲ್ ಗಾಡಿಗಳಲ್ಲಿ. ಮನೆಗೆ ಮರಳಿದೊಡನೆ ಹಲವರು ತಮ್ಮ ತಮ್ಮ ಗಲ್ಲಿಯನ್ನೂ ತಮ್ಮ ತಮ್ಮ ನುಡಿಯನ್ನೂ ಸೇರುತ್ತಾರೆ. ಇದು ಹೇಗೆ ಬಂದಿತು, ಇದರಲ್ಲಿ ನಾವು ಹೇಗೆ ಬಾಳಬೇಕು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮೊದಲು ಇದು ಏಳು ದ್ವೀಪಗಳ ಗುಂಪು. ಮೀನು ಹಿಡಿಯುವ ಕೋಳಿ ಜನರು ಇಲ್ಲಿಯ ಹಳೆಯ ನಿವಾಸಿಗಳು. 1668ರಲ್ಲಿ ದ್ವೀಪಗಳು ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿದ ಮೇಲೆ ಪಾರಸಿ, ಗುಜರಾತಿ, ಬೊಹರಾ ಮೊದಲಾದ ವ್ಯಾಪಾರಿಗಳು ಹೆಚ್ಚಾಗಿ ಬಂದು ನೆಲಸಿದರು. 1853ರಲ್ಲಿ ಬೋರಿಬಂದರದಿಂದ ಠಾಣೆಗೆ ರೈಲು ಓಡಿತು. ಅದರ ಬೆನ್ನಿಗೇ ಹತ್ತಿಯ ಗಿರಣಿಗಳು ಎದ್ದವು. ರತ್ನಾಗಿರಿ, ಸಾತಾರಾಗಳ ರೈತಮಕ್ಕಳು ಗಿರಣಿಗಾರರಾದರು. ಧಾರಾವಿಗೆ ಸೌರಾಷ್ಟ್ರದ ಕುಂಬಾರರೂ ತಮಿಳುನಾಡಿನ ಚರ್ಮ ಹದಮಾಡುವವರೂ ಬಂದರು. ಹೊಸಬನು ತನ್ನ ಊರಿನವನ ಖೋಲಿಯಲ್ಲಿ ಇಳಿಯುತ್ತಿದ್ದನು. ಅವನ ಮಾತಿನ ಮೇಲೆಯೇ ಕೆಲಸವೂ ಸಿಕ್ಕುತ್ತಿತ್ತು. ಹೀಗಾಗಿ ಒಂದೊಂದು ಕಸುಬು ಒಂದೊಂದು ಸೀಮೆಯವರ ಪಾಲಾಯಿತು. ಗಲ್ಲಿಗಳೂ ಹಾಗೆಯೇ ಬೆಳೆದವು.

ನಮ್ಮವರ ಕಥೆಯೂ ಇದೇ. ಕರಾವಳಿಯಿಂದ ಬಂದ ಮೊಗವೀರ ಬಂಧುಗಳು 1902ರಲ್ಲಿಯೇ ಇಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದರು. 1926ರಲ್ಲಿ ಮೈಸೂರು ಅಸೋಸಿಯೇಶನ್ ಹುಟ್ಟಿತು. 1942ರಲ್ಲಿ ಮಾಟುಂಗಾ ಸ್ಟೇಶನ್ನಿನ ಬಳಿ ರಾಮ ನಾಯಕರ ಉಡುಪಿ ಊಟದ ಮನೆ ತೆರೆಯಿತು. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದ ಹುಡುಗರು ಅನೇಕರು. ನಮ್ಮೊಳಗೂ ಒಂದೇ ನುಡಿಯಿಲ್ಲ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರಿದ್ದಾರೆ. ಧಾರವಾಡದ ಕನ್ನಡ ಬೇರೆ, ಕಲಬುರಗಿಯ ಕನ್ನಡ ಬೇರೆ. ಮನೆಯಲ್ಲಿಯೇ ಇಷ್ಟು ಬಗೆಯನ್ನು ಒಪ್ಪಿ ನಡೆಯುವ ನಮಗೆ ನೆರೆಯವರ ಬಗೆಯನ್ನು ಒಪ್ಪುವುದು ಕಷ್ಟವಾಗಬಾರದು.

ತನ್ನವರ ಗುಂಪು ಬಡವನಿಗೆ ಆಸರೆ. ಆದರೆ ಆಸರೆಯು ಗೋಡೆಯಾದರೆ ಅಪಾಯ. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. ಗುಮಾಸ್ತಗಿರಿಯೆಲ್ಲ ದಕ್ಷಿಣದವರ ಪಾಲಾಯಿತೆಂಬ ಕೂಗು ಎದ್ದು, 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಬಲಗೊಂಡಿತು; ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದವು. 1992-93ರ ಹಿಂದೂ–ಮುಸ್ಲಿಂ ಗಲಭೆಗಳಲ್ಲಿ ಸುಮಾರು 900 ಜನರು ಸತ್ತರು. ಬೆರೆತಿದ್ದ ಎಷ್ಟೋ ಚಾಳುಗಳಿಂದ ಜನರು ಗಂಟುಮೂಟೆ ಕಟ್ಟಿ ತಮ್ಮವರಿದ್ದಲ್ಲಿಗೆ ಹೊರಟರು. ಪರಿಚಯವಿಲ್ಲದ ನೆರೆಯವನ ಮೇಲೆ ಯಾವ ಸುಳ್ಳನ್ನಾದರೂ ನಂಬಿಸುವುದು ಸುಲಭ. ದಿನವೂ ಮಾತನಾಡುವ ನೆರೆಯವನ ಮೇಲೆ ಅಷ್ಟು ಸುಲಭವಲ್ಲ.

ಆದುದರಿಂದ ನಮ್ಮ ಮೊದಲ ಕೆಲಸ ಮರಾಠಿ ಕಲಿಯುವುದು. ಇದು ಯಾರ ಭಯಕ್ಕೂ ಅಲ್ಲ. ಈ ನೆಲದ ಅನ್ನ ಉಣ್ಣುವವರು ಈ ನೆಲದ ನುಡಿಯನ್ನು ಅರಿಯುವುದು ಮರ್ಯಾದೆ. ಅದು ನಮಗೆ ತೀರ ಹೊರಗಿನದೂ ಅಲ್ಲ. ನಮ್ಮ ತುಪ್ಪ ಅವರಲ್ಲಿ ತೂಪ. ಅಣ್ಣ, ಅಕ್ಕ ಎಂಬ ಕರೆ ಅವರಲ್ಲಿಯೂ ಉಂಟು. ಪಂಢರಪುರದ ವಿಠ್ಠಲನನ್ನು ಸಂತ ಜ್ಞಾನೇಶ್ವರರು ಕನ್ನಡದವನೆಂದು ಹಾಡಿದ್ದಾರೆ. ನಮ್ಮ ಪುರಂದರದಾಸರ ಅಂಕಿತವೂ ಅದೇ ವಿಠ್ಠಲನದು.

ಎರಡನೆಯ ಕೆಲಸ, ಮಕ್ಕಳಿಗೆ ಮನೆಯ ನುಡಿ ಉಳಿಸುವುದು. ಮುಂಬಯಿ ಮಹಾನಗರಪಾಲಿಕೆಯ ಶಾಲೆಗಳಲ್ಲಿ ಕನ್ನಡವೂ ಒಂದು ಮಾಧ್ಯಮ. ಅಲ್ಲಿಗೆ ಕಳುಹಿಸಲಾಗದವರು ರಾತ್ರಿ ಊಟವಾದ ಮೇಲೆ ಕಾಲು ಗಂಟೆ ಕನ್ನಡ ಓದಿಸಬಹುದು. ಊರಿನ ಅಜ್ಜಿಗೆ ಮೊಮ್ಮಗುವಿನ ಮಾತು ತಿಳಿಯದಂತಾದರೆ ನಾವು ಕಳುಹಿಸುವ ಹಣದಿಂದ ಆ ನಷ್ಟ ತುಂಬದು.

ಈ ತಿಂಗಳ ಅಭ್ಯಾಸ: ಮರಾಠಿಯ ಈ ಮೂರು ಮಾತುಗಳನ್ನು ಬಾಯಿಪಾಠ ಮಾಡಿ ನೆರೆಮನೆಯಲ್ಲಿ ಆಡಿರಿ.

ಕಸೇ ಆಹಾತ? — ಹೇಗಿದ್ದೀರಿ?
ಪಾಣೀ ಆಲೇ. — ನೀರು ಬಂತು.
ಮದತ ಪಾಹಿಜೇ ಕಾ? — ಸಹಾಯ ಬೇಕೇ?

ಉಚ್ಚಾರ ತಪ್ಪಿದರೆ ಅವರೇ ತಿದ್ದುವರು. ತಿದ್ದಿದವರಿಗೆ ಪ್ರತಿಯಾಗಿ ಒಂದು ಕನ್ನಡ ಮಾತನ್ನು ಕಲಿಸಿ ಬನ್ನಿರಿ.