ಖಾಲಿ ಬಿಸ್ಕತ್ತಿನ ಡಬ್ಬ, ಮನೆಯ ಹಳೆಯ ನಾಣ್ಯ



ಹಬ್ಬಕ್ಕೆ ನೆಂಟರು ತಂದ ತಗಡಿನ ಬಿಸ್ಕತ್ತಿನ ಡಬ್ಬ ಖಾಲಿಯಾದ ಮೇಲೆ ಏನಾಗುತ್ತದೆಂಬುದು ನಿಮಗೆ ಗೊತ್ತೇ ಇದೆ. ಕೆಲವು ಮನೆಗಳಲ್ಲಿ ಅದು ಸೂಜಿದಾರಕ್ಕೆ, ಕೆಲವು ಮನೆಗಳಲ್ಲಿ ಕಂದಾಯದ ರಸೀತಿಗಳಿಗೆ. ಉಳಿದವು ತುಕ್ಕು ಹಿಡಿದು ಗುಜರಿಗೆ. ಅದೇ ಮನೆಯ ಇನ್ನೊಂದು ಮೂಲೆಯಲ್ಲಿ, ಅಜ್ಜಿಯ ಎಲೆಅಡಿಕೆ ಸಂಚಿಯಲ್ಲೋ ಮರದ ಪೆಟ್ಟಿಗೆಯ ತಳದಲ್ಲೋ, ಒಂದು ಹಿಡಿ ಹಳೆಯ ಕಾಸು ಬಿದ್ದಿರುತ್ತದೆ. ಈ ಎರಡನ್ನೂ ಸೇರಿಸಿ ಗಾಜಿನ ಮುಚ್ಚಳದ ಒಂದು ಪೆಟ್ಟಿಗೆ ಮಾಡುವುದು ಹೇಗೆಂದು ಇಲ್ಲಿ ತಿಳಿಸಿದೆ. ಖರ್ಚು ಒಂದು ತುಂಡು ಗಾಜಿನದು ಮಾತ್ರ.

ಇದು ಬರಿಯ ಅಲಂಕಾರದ ಕೆಲಸವಲ್ಲ. ಸಂಚಿಯಲ್ಲಿರುವ ನಾಣ್ಯ ಮೂರು ದಾರಿಯಲ್ಲಿ ಹಾಳಾಗುತ್ತದೆ. ಯಾರಾದರೂ ಹುಣಿಸೆಹಣ್ಣು ಹಾಕಿ ತಿಕ್ಕಿ ಅದರ ಅಕ್ಷರ ಅಳಿಸುತ್ತಾರೆ. ಇಲ್ಲವೆ ತೂಕದ ಲೆಕ್ಕದಲ್ಲಿ ಹಿತ್ತಾಳೆ ತಾಮ್ರದ ಜೊತೆ ಮಾರಿಬಿಡುತ್ತಾರೆ. ಮೂರನೆಯದು, ಈಚಿನದು: ‘ನಿಮ್ಮ ಹಳೆಯ ನಾಣ್ಯಕ್ಕೆ ಲಕ್ಷ ರೂಪಾಯಿ ಕೊಡುತ್ತೇವೆ’ ಎಂದು ದೂರವಾಣಿಯಲ್ಲಿ ಮಾತಾಡುವ ಮೋಸಗಾರರ ಕೈಗೆ ಮನೆಯವರು ಸಿಕ್ಕಿಬೀಳುತ್ತಾರೆ. ಎಲ್ಲರ ಕಣ್ಣಿಗೂ ಕಾಣುವ ಹಾಗೆ, ಏನು ಎತ್ತ ಎಂದು ಬರೆದು ಜೋಡಿಸಿಟ್ಟ ನಾಣ್ಯಕ್ಕೆ ಈ ಮೂರು ಭಯವೂ ಕಡಿಮೆ.

ಮೊದಲು ಡಬ್ಬವನ್ನು ಆರಿಸಿಕೊಳ್ಳಿ. ಚೌಕವಾದ, ಎತ್ತರ ಕಡಿಮೆಯಿರುವ, ಮುಚ್ಚಳ ಪೂರಾ ಎತ್ತಲು ಬರುವ ಡಬ್ಬ ಉತ್ತಮ. ದುಂಡನೆಯ ಡಬ್ಬವೂ ಆದೀತು. ಆದರೆ ದುಂಡಗೆ ಗಾಜು ಕತ್ತರಿಸುವುದು ಕಷ್ಟ, ಬೆಲೆಯೂ ಹೆಚ್ಚು. ಒಳಗೆ ಎಣ್ಣೆ ಜಿಡ್ಡು ಇರುತ್ತದೆ. ಬಿಸಿನೀರು, ಸೋಪಿನ ಪುಡಿ ಹಾಕಿ ತೊಳೆದು ಒಂದು ದಿನ ಬಿಸಿಲಿನಲ್ಲಿ ಒಣಗಿಸಿ. ಬಿಸ್ಕತ್ತಿನ ಚೂರು ಮೂಲೆಯಲ್ಲಿ ಉಳಿದರೆ ಇರುವೆ, ಜಿರಲೆ ತಪ್ಪದು.

ಮುಚ್ಚಳ ೯ ಅಂಗುಲ ಉದ್ದ, ೭ ಅಂಗುಲ ಅಗಲ ಇದೆ ಎಂದು ಇಟ್ಟುಕೊಳ್ಳೋಣ. ನಾಲ್ಕೂ ಕಡೆ ಮುಕ್ಕಾಲು ಅಂಗುಲ ಅಂಚು ಬಿಟ್ಟು ಗೆರೆ ಎಳೆಯಿರಿ. ಒಳಗೆ ಏಳೂವರೆಗೆ ಐದೂವರೆ ಅಂಗುಲದ ಕಿಟಕಿ ಉಳಿಯುತ್ತದೆ. ಈ ಗೆರೆಯ ಮೇಲೆಯೇ ಕತ್ತರಿಸಬಾರದು. ಅದರ ಒಳಗೆ ಕಾಲು ಅಂಗುಲ ಬಿಟ್ಟು ಇನ್ನೊಂದು ಗೆರೆ ಎಳೆಯಿರಿ. ಅದು ೭ ಅಂಗುಲಕ್ಕೆ ೫ ಅಂಗುಲ ಆಗುತ್ತದೆ. ಕತ್ತರಿಸಬೇಕಾದದ್ದು ಈ ಒಳಗೆರೆಯಲ್ಲಿ. ಮುಚ್ಚಳವನ್ನು ಮರದ ದಿಮ್ಮಿಯ ಮೇಲೆ ಇಟ್ಟು, ನಡುವೆ ಮೊಳೆ ಹೊಡೆದು ತೂತು ಮಾಡಿ, ಉಳಿಯಿಂದ ಅದನ್ನು ಅಗಲಿಸಿ, ಅಲ್ಲಿಂದ ತಗಡು ಕತ್ತರಿ ತೂರಿಸಿ ಗೆರೆಯವರೆಗೆ ಬನ್ನಿ. ಆಮೇಲೆ ನಾಲ್ಕು ಮೂಲೆಗಳಲ್ಲಿ ಒಳಗೆರೆಯ ಮೂಲೆಯಿಂದ ಹೊರಗೆರೆಯ ಮೂಲೆಯವರೆಗೆ ಓರೆಯಾಗಿ ಸೀಳಿ. ಈಗ ಕಾಲು ಅಂಗುಲದ ನಾಲ್ಕು ಪಟ್ಟಿಗಳು ಉಳಿದವಲ್ಲವೆ? ಅವನ್ನು ಮುಚ್ಚಳದ ಒಳಬದಿಗೆ ಮಡಿಸಿ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಚಪ್ಪಟೆ ಮಾಡಿ. ಸೀರೆಯ ಅಂಚು ಮಡಿಸಿ ಹೊಲಿದ ಹಾಗೆ ಇದು. ಕೈಗೆ ತಗಲುವ ಕಡೆ ಕತ್ತರಿಸಿದ ತಗಡಿನ ಬಾಯಿ ಇರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಕತ್ತರಿಸಿದ ತಗಡು ಕುಡುಗೋಲಿಗಿಂತ ಹರಿತ. ಮಕ್ಕಳಿಂದ ಈ ಭಾಗ ಮಾಡಿಸಕೂಡದು. ದಪ್ಪ ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿ, ಚೂರುಗಳನ್ನು ಆಗಲೇ ಆರಿಸಿ ಕಾಗದದಲ್ಲಿ ಕಟ್ಟಿ ಬಿಸಾಡಿ. ತಿಪ್ಪೆಗೆ ಎಸೆದರೆ ದನದ ಹೊಟ್ಟೆಗೆ ಹೋದೀತು. ಕೈ ಕೊಯ್ದುಕೊಂಡರೆ ಸೋಪು ನೀರಿನಿಂದ ಚೆನ್ನಾಗಿ ತೊಳೆದು, ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳಿ. ತಗಡಿನ ಕೆಲಸದವರು ಊರಿನಲ್ಲಿದ್ದರೆ ಇದಿಷ್ಟನ್ನು ಅವರಿಂದಲೇ ಮಾಡಿಸುವುದು ಜಾಣತನ.

ಈ ಡಬ್ಬಗಳು ತವರದ ತೆಳುವಾದ ಲೇಪವಿರುವ ಕಬ್ಬಿಣದ ತಗಡು. ಲೇಪವಿರುವ ತನಕ ತುಕ್ಕು ಹಿಡಿಯದು. ಕತ್ತರಿಸಿದ ಬಾಯಿಯಲ್ಲಿ ಕಬ್ಬಿಣ ಬಯಲಾಗುತ್ತದೆ. ಆದ್ದರಿಂದ ಮಡಿಸಿದ ಅಂಚನ್ನು ಮರಳು ಕಾಗದದಿಂದ ಉಜ್ಜಿ, ಎರಡು ಸಲ ಬಣ್ಣ ಬಳಿಯಿರಿ. ಗೇಟಿಗೆ ಬಳಿದು ಉಳಿದ ಬಣ್ಣವಾದರೂ ಸಾಕು.

ಗಾಜನ್ನು ಫೋಟೋಗೆ ಕಟ್ಟು ಹಾಕುವವರ ಅಂಗಡಿಯಲ್ಲಿ ಕೊಯ್ಯಿಸಿ. ೨ ಮಿಲಿಮೀಟರ್ ದಪ್ಪ, ೮ ಅಂಗುಲಕ್ಕೆ ೬ ಅಂಗುಲ. ಕಿಟಕಿಗಿಂತ ಎಲ್ಲ ಕಡೆಯೂ ಕಾಲು ಅಂಗುಲ ಹೆಚ್ಚಾಗಿ, ಮಡಿಸಿದ ಪಟ್ಟಿಯ ಮೇಲೆ ಸರಿಯಾಗಿ ಕೂರುತ್ತದೆ. ಇದನ್ನು ಹಿಡಿದಿಡಲು ರಟ್ಟಿನ ಎರಡು ಚೌಕಟ್ಟು ಬೇಕು. ಮೊದಲನೆಯದರ ನಡುವಿನ ತೂತು ಗಾಜಿನಷ್ಟೇ ಇರಲಿ, ಗಾಜು ಅದರೊಳಗೆ ಕೂರಬೇಕು. ಎರಡನೆಯದರ ತೂತು ಕಿಟಕಿಯಷ್ಟಿರಲಿ, ಅದು ಗಾಜಿನ ಅಂಚನ್ನು ಒತ್ತಿ ಹಿಡಿಯುತ್ತದೆ. ಎರಡರ ಹೊರ ಅಳತೆಯೂ ಡಬ್ಬದ ಬಾಯಿಗಿಂತ ಸ್ವಲ್ಪ ಚಿಕ್ಕದಾಗಿಯೇ ಇರಬೇಕು. ಇಲ್ಲದಿದ್ದರೆ ಮುಚ್ಚಳ ಹಾಕುವಾಗ ಡಬ್ಬದ ಬಾಯಿ ರಟ್ಟಿಗೆ ತಾಗಿ ಮುಚ್ಚಳ ಕೂರುವುದೇ ಇಲ್ಲ. ಮರಗೆಲಸದ ಬಿಳಿ ಅಂಟು ಹಚ್ಚಿ, ಮೇಲೆ ಭಾರವಿಟ್ಟು ರಾತ್ರಿಯಿಡೀ ಬಿಡಿ. ಮೈದಾ ಹಿಟ್ಟಿನ ಅಂಟು ಬೇಡ, ಜಿರಲೆಗೆ ಅದು ಊಟ. ಅಂಟಿನ ವಾಸನೆ ಪೂರಾ ಹೋಗುವ ತನಕ ನಾಲ್ಕು ದಿನ ಡಬ್ಬವನ್ನು ತೆರೆದೇ ಇಡಿ. ಆ ಆವಿ ಲೋಹಕ್ಕೆ ಒಳ್ಳೆಯದಲ್ಲ.

ಒಳಗಿನ ಹಾಸು ಸುಲಭ. ನಾಣ್ಯ ಗಾಜಿಗೆ ಸಮೀಪ ಬರಬೇಕಾದ್ದರಿಂದ ತಳಕ್ಕೆ ರಟ್ಟಿನ ಮೇಲೆ ರಟ್ಟು ಜೋಡಿಸಿ ಎತ್ತರಿಸಿ. ಅದರ ಮೇಲೆ ಹಲವು ಸಲ ಒಗೆದ, ಗಂಜಿ ಹಾಕದ ಬಿಳಿಯ ಹತ್ತಿ ಪಂಚೆಯ ತುಂಡು ಹಾಸಿ. ಕೊನೆಯದಾಗಿ ಒಂದು ರಟ್ಟಿನಲ್ಲಿ ನಾಣ್ಯಗಳನ್ನಿಟ್ಟು ಸುತ್ತ ಗೆರೆ ಎಳೆದು, ಗೆರೆಗಿಂತ ಕೂದಲೆಳೆಯಷ್ಟು ದೊಡ್ಡದಾಗಿ ತೂತು ಕೊರೆದು ಮೇಲಿಡಿ. ನಾಣ್ಯಗಳು ಸರಿದಾಡುವುದಿಲ್ಲ. ನಾಣ್ಯಕ್ಕೆ ಅಂಟು ಹಚ್ಚಲೇಬೇಡಿ. ಕಂಬಳಿಯ ತುಂಡನ್ನೂ ರಬ್ಬರನ್ನೂ ಒಳಗೆ ಹಾಕಬೇಡಿ. ಅವುಗಳಲ್ಲಿರುವ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಬೇವಿನ ಹಸಿ ಎಲೆ ಹಾಕುವ ರೂಢಿ ಕಾಳಿನ ಕಣಜಕ್ಕೆ ಸರಿ, ಇಲ್ಲಿ ಅದರ ತೇವ ಕೆಡುಕು. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ, ತೇವ ಹೀರುವ ಹರಳಿನ ಸಣ್ಣ ಚೀಟಿಗಳಿವೆಯಲ್ಲ, ಅಂಥ ಒಂದೆರಡನ್ನು ರಟ್ಟಿನ ಅಡಿಗೆ ಸೇರಿಸಿ.

ಈಗ ನಾಣ್ಯದ ವಿಷಯ. ತಿಕ್ಕಬೇಡಿ ಎಂದು ಇನ್ನೊಮ್ಮೆ ಹೇಳುತ್ತೇನೆ. ಹುಣಿಸೆಹಣ್ಣು, ಬೂದಿ, ನಿಂಬೆರಸ, ಹಲ್ಲುಜ್ಜುವ ಪೇಸ್ಟು, ಯಾವುದೂ ಬೇಡ. ತಾಮ್ರದ ಮೇಲೆ ಕೂತಿರುವ ಗಟ್ಟಿಯಾದ ಕಂದು ಹಸಿರು ಬಣ್ಣ ಕೊಳೆಯಲ್ಲ. ಅದು ಅದರ ಚರ್ಮ, ಒಳಗಿನ ಲೋಹವನ್ನು ಕಾಯುತ್ತದೆ. ಹೊಳೆಯುವ ಹಾಗೆ ತಿಕ್ಕಿದ ನಾಣ್ಯಕ್ಕೆ ತಿಳಿದವರು ಬೆಲೆ ಕಟ್ಟುವುದಿಲ್ಲ. ಮಣ್ಣು ಮೆತ್ತಿದ್ದರೆ ಶುದ್ಧ ನೀರಿನಲ್ಲಿ ಅದ್ದಿ, ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ. ಅಂಚನ್ನು ಹಿಡಿದೇ ಎತ್ತಿ. ಬೆರಳ ಬೆವರೂ ಗುರುತು ಮಾಡುತ್ತದೆ. ತಿಳಿಹಸಿರು ಪುಡಿ ಉದುರುತ್ತ ದಿನದಿನಕ್ಕೆ ಹಬ್ಬುತ್ತಿರುವ ನಾಣ್ಯ ಕಂಡರೆ ಮಾತ್ರ ಅದನ್ನು ಬೇರೆ ಇಡಿ.

ಯಾವುದರ ಪಕ್ಕ ಯಾವುದು ಎಂಬುದಕ್ಕೆ ನಮ್ಮ ಸಲಹೆ ಇಷ್ಟು. ಮೇಲಿನ ಸಾಲಿನಲ್ಲಿ ಆಣೆಯ ಕಾಲದವು. ಆಗ ರೂಪಾಯಿಗೆ ೧೬ ಆಣೆ, ಆಣೆಗೆ ೧೨ ಕಾಸು. ೧೯೪೩ರಿಂದ ಕೆಲವು ವರ್ಷ ಬಂದ, ನಡುವೆ ದುಂಡನೆಯ ತೂತಿರುವ ಕಂಚಿನ ಕಾಸು ಹಲವು ಮನೆಗಳಲ್ಲಿ ಸಿಕ್ಕೀತು. ದಾರ ಪೋಣಿಸಿ ಮಗುವಿನ ಸೊಂಟಕ್ಕೆ ಕಟ್ಟಲು ಅದು ಅನುಕೂಲವಾಗಿತ್ತು. ಅದರ ಪಕ್ಕದಲ್ಲಿ ೧೯೫೦ರಲ್ಲಿ ಗಣರಾಜ್ಯ ಹೊರಡಿಸಿದವು: ಒಂದು ಮುಖಕ್ಕೆ ಅಶೋಕ ಸ್ತಂಭದ ಸಿಂಹ, ಇನ್ನೊಂದು ಮುಖಕ್ಕೆ ಒಂದಾಣೆ ಎರಡಾಣೆಯ ಮೇಲೆ ಎತ್ತು, ರೂಪಾಯಿಯ ಮೇಲೆ ತೆನೆ. ರೈತನ ಮನೆಯಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬೇಕೆಂದೇ ನಮಗೆ ತೋರುತ್ತದೆ.

ಎರಡನೆಯ ಸಾಲು ೧೯೫೭ರ ಏಪ್ರಿಲ್ ೧ರಿಂದ ಆಚೆಯದು. ಅಂದು ರೂಪಾಯಿಗೆ ೧೦೦ ನಯಾ ಪೈಸೆಯಾಯಿತು. ನಾಲ್ಕಾಣೆಗೆ ೨೫ ಎಂದು ಸರಿಹೋಯಿತು, ಒಂದಾಣೆಗೆ ಮಾತ್ರ ಆರೂಕಾಲು ಎಂಬ ತೊಡಕು ಉಳಿಯಿತು. ಸಂತೆಯಲ್ಲಿ ಆಗ ಎಷ್ಟು ವಾದವಾಗಿರಬೇಕೆಂದು ಮನೆಯ ಹಿರಿಯರನ್ನು ಕೇಳಿ ನೋಡಿ. ‘ನಯಾ’ ಎಂಬ ಮಾತು ೧೯೬೪ರಲ್ಲಿ ಬಿಟ್ಟುಹೋಯಿತು. ಆರು ಮೂಲೆಯ ಮೂರು ಪೈಸೆ ಬಂದದ್ದೂ ಅದೇ ವರ್ಷ. ೧೯೭೩ರಲ್ಲಿ ಹೆಚ್ಚು ಆಹಾರ ಬೆಳೆಯಿರಿ ಎಂಬ ಕರೆ ಹೊತ್ತ ಐವತ್ತು ಪೈಸೆ ಬಂದಿತ್ತು, ಅದನ್ನೂ ಹುಡುಕಿ. ೨೫ ಪೈಸೆ ಮತ್ತು ಅದಕ್ಕಿಂತ ಚಿಕ್ಕವು ೨೦೧೧ರ ಜೂನ್ ೩೦ರಿಂದ ಚಲಾವಣೆಯಲ್ಲಿ ಇಲ್ಲ. ಅಂದರೆ ನಿಮ್ಮ ಮಕ್ಕಳಲ್ಲಿ ಹಲವರು ಅವನ್ನು ಕೈಯಲ್ಲಿ ಹಿಡಿದೇ ಇಲ್ಲ.

ಇನ್ನೂ ಹಳೆಯದು, ಆನೆಯ ಚಿತ್ರವಿರುವ ಟಿಪ್ಪು ಕಾಲದ ತಾಮ್ರದ್ದು, ಕನ್ನಡ ಅಕ್ಷರವಿರುವ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು ಮನೆಯಲ್ಲಿದ್ದರೆ ಪ್ರತ್ಯೇಕ ಸಾಲಿನಲ್ಲಿಡಿ. ದೇವರ ಕಳಶದಲ್ಲಿರುವುದನ್ನು ಮಾತ್ರ ಡಬ್ಬಕ್ಕಾಗಿ ತೆಗೆಯಬೇಡಿ. ಅದು ಅಲ್ಲೇ ಇರಲಿ.

ಪ್ರತಿ ನಾಣ್ಯದ ಕೆಳಗೂ ಚೀಟಿ ಬೇಕು. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಮಾಸುತ್ತದೆ. ಬೆಲೆ, ಇಸವಿ, ಯಾರಿಂದ ಬಂತು, ಯಾರ ಕೈಗೆ ಹೇಗೆ ಸೇರಿತ್ತು, ಇಷ್ಟು. ‘ಮುತ್ತಜ್ಜಿಯ ಮದುವೆಯಲ್ಲಿ ಮುಯ್ಯಿ ಬಂದ ರೂಪಾಯಿ’ ಎಂದು ಬರೆದಿಟ್ಟರೆ ಆ ರೂಪಾಯಿಯನ್ನು ಮೊಮ್ಮಗ ಗುಜರಿಗೆ ಹಾಕಲಾರ. ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಈ ಕೆಲಸಕ್ಕೆ ಶಾಲೆಯ ಮಕ್ಕಳನ್ನು ಕೂರಿಸಬಹುದು, ಅಕ್ಷರವೂ ತಿದ್ದಿದಂತಾಗುತ್ತದೆ.

ಲಕ್ಷದ ಮಾತಿಗೆ ಬರೋಣ. ಮೇಲೆ ಹೇಳಿದ ತೂತಿನ ಕಾಸು, ಆಣೆ, ಪೈಸೆಗಳನ್ನು ಟಂಕಸಾಲೆಗಳು ಕೋಟಿ ಕೋಟಿ ಲೆಕ್ಕದಲ್ಲಿ ಅಚ್ಚು ಹಾಕಿದ್ದವು. ಹಳೆಯದು ಎಂದ ಮಾತ್ರಕ್ಕೆ ಅಪರೂಪವಲ್ಲ. ಕೊಳ್ಳುತ್ತೇವೆ ಎಂದವರು ಮೊದಲು ತೆರಿಗೆ, ಕಮಿಷನ್, ನೋಂದಣಿ ಶುಲ್ಕ ಎಂದು ನಿಮ್ಮಿಂದಲೇ ಹಣ ಕೇಳಿದರೆ ಅದು ಮೋಸ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಇಂಥವರು ಹಣ ಕೀಳುತ್ತಿದ್ದಾರೆ, ನಾವು ಈ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಆ ಬ್ಯಾಂಕೇ ೨೦೨೧ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿ ಎಚ್ಚರಿಸಿತು. ಬ್ಯಾಂಕಿನ ಖಾತೆ ಸಂಖ್ಯೆ, ಫೋನಿಗೆ ಬರುವ ಗುಟ್ಟಿನ ಅಂಕಿ, ಇವನ್ನು ಯಾರಿಗೂ ಹೇಳಕೂಡದು.

ಉಳುವಾಗ, ಬಾವಿ ತೋಡುವಾಗ, ಹಳೆ ಮನೆಯ ಪಾಯ ಅಗೆಯುವಾಗ ಸಿಕ್ಕ ನಾಣ್ಯದ ಗಂಟು ಈ ಡಬ್ಬಕ್ಕೆ ಸೇರತಕ್ಕದ್ದಲ್ಲ. ನೆಲದಲ್ಲಿ ಹುದುಗಿದ್ದ ನಿಧಿಗೆ ಕಾನೂನು ಬೇರೆ. ದೇಶಕ್ಕೆ ೧೮೭೮ರ ಕಾಯಿದೆ, ನಮ್ಮ ರಾಜ್ಯಕ್ಕೆ ೧೯೬೨ರ ಕಾಯಿದೆ ಇದೆ. ಏನು, ಎಷ್ಟು, ಎಲ್ಲಿ, ಯಾವ ದಿನ ಸಿಕ್ಕಿತೆಂದು ಬರೆದು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ತಹಸೀಲ್ದಾರರ ಕಚೇರಿಗೆ ಹೋದರೆ ದಾರಿ ತೋರಿಸುತ್ತಾರೆ. ಮುಚ್ಚಿಟ್ಟರೆ ಶಿಕ್ಷೆಯೂ ಉಂಟು, ಬರಬಹುದಾದ ಪಾಲೂ ಹೋಗುತ್ತದೆ. ಮಡಕೆಯಲ್ಲಿ ಸಿಕ್ಕಿದ್ದರೆ ಮಡಕೆಯ ಚೂರನ್ನೂ ಬಿಸಾಡಬೇಡಿ. ನಾಣ್ಯ ಯಾವ ಕಾಲದಲ್ಲಿ ಹುದುಗಿತೆಂಬುದನ್ನು ತಿಳಿಯಲು ತಜ್ಞರಿಗೆ ಅದೂ ಬೇಕು.

ಪೆಟ್ಟಿಗೆಯನ್ನು ಎಲ್ಲಿಡಬೇಕು? ಅಡಿಗೆಮನೆಯಲ್ಲಿ ಬೇಡ, ಹೊಗೆ ಮತ್ತು ಹಬೆ. ಗೊಬ್ಬರದ ಚೀಲವಿರುವ ಕೋಣೆಯಲ್ಲೂ ಕೊಟ್ಟಿಗೆಯ ಗೋಡೆಗೂ ಬೇಡ. ಯೂರಿಯಾ, ಗಂಜಲ ಇವುಗಳಿಂದ ಏಳುವ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ನಡುಮನೆಯ ಬೀರುವಿನಲ್ಲಿ, ಬಿಸಿಲು ನೇರ ಬೀಳದ ಕಡೆ ಮಲಗಿಸಿ ಇಡಿ. ಮಳೆಗಾಲದಲ್ಲಿ ತೆರೆಯಬೇಡಿ. ಶಿವರಾತ್ರಿ ಯುಗಾದಿಗಳ ನಡುವೆ ಒಂದು ಒಣ ಮಧ್ಯಾಹ್ನ ಮುಚ್ಚಳ ತೆಗೆದು, ಹರಳಿನ ಚೀಟಿಗಳನ್ನು ಬದಲಾಯಿಸಿ, ಚೀಟಿಯಲ್ಲಿ ಬರೆಯಲು ಹೊಸದೇನಾದರೂ ತಿಳಿದಿದ್ದರೆ ಸೇರಿಸಿ ಮತ್ತೆ ಮುಚ್ಚಿ.